ಒಂದೇ ಕಾಳು ಎಷ್ಟು ಸಲ ತಿರುಗಬೇಕು?

ಇವತ್ತಿನ ವಿಷಯ ಸ್ವಲ್ಪ ಟೆಕ್ನಿಕಲ್. ಹೆದರ್ಕೋಬೇಡಿ, ಅರ್ಧ ಎಪಿಸೋಡು ನಾವು ಅಕ್ಕಿ ಮಿಲ್ಲಿನೊಳಗೇ ಇರ್ತೀವಿ.

ನನ್ನೂರು ಕಡರನಾಯಕನಹಳ್ಳಿ, ಹರಿಹರ ತಾಲ್ಲೂಕು, ದಾವಣಗೆರೆ ಜಿಲ್ಲೆ. ಲಕ್ಕವಳ್ಳಿಯಲ್ಲಿರೋ ಭದ್ರಾ ಡ್ಯಾಮಿನ ನಾಲೆ ನೀರು ನಂಬಿ ಭತ್ತ ಹಚ್ಚೋ ಸೀಮೆ. ನಾನೀಗ ಬೆಂಗಳೂರಲ್ಲಿ ಡೇಟಾ ಎಂಜಿನಿಯರ್. ಅಂದ್ರೆ ದಿನಾ ಲಕ್ಷಗಟ್ಟಲೆ ವ್ಯವಹಾರಗಳು ಹರಿದು ಬರೋ ಕಾಲುವೆಗಳನ್ನ ಕಟ್ಟೋದು, ಅವು ಕಟ್ಟಿಕೊಂಡಾಗ ಹೂಳು ತೆಗೆಯೋದು ನನ್ನ ಕೆಲಸ.

ಹೋದ ವರ್ಷ ಒಂದು ರಾತ್ರಿ ಚಿಕ್ಕಪ್ಪನ ಮಗ ಫೋನ್ ಮಾಡಿದ. ಅವನದು ಊರಲ್ಲೇ ಒಂದು ಸಣ್ಣ ಅಂಗಡಿ. ಝೆರಾಕ್ಸು, ರೀಚಾರ್ಜು, ಪಹಣಿ ಪ್ರಿಂಟು, ಅರ್ಜಿ ತುಂಬಿಕೊಡೋದು. "ಅಣ್ಣಾ, ನನ್ನ ಅಕೌಂಟ್ ಹಿಡಿದಿಟ್ಟಾರೆ. ದುಡ್ಡು ಬರ್ತೈತಿ, ಹೊರಗೆ ಹೋಗ್ತಿಲ್ಲ. ಬ್ಯಾಂಕ್ನ್ಯಾಗೆ ಕೇಳಿದ್ರೆ ಯಾವ್ದೋ ಊರಿನ ಸೈಬರ್ ಕಂಪ್ಲೇಂಟ್ ಐತಿ ಅಂತಾರೆ. ನಾನು ಯಾರಿಗೆ ಮೋಸ ಮಾಡೀನಿ?"

ಯಾರಿಗೂ ಮಾಡಿರಲಿಲ್ಲ. ಯಾರೋ ಗಿರಾಕಿ ಅವನ ಕ್ಯೂಆರ್ ಕೋಡಿಗೆ ದುಡ್ಡು ಹಾಕಿದ್ದ. ಆ ಗಿರಾಕಿಗೆ ಇನ್ನೊಬ್ಬರಿಂದ, ಅವರಿಗೆ ಮತ್ತೊಬ್ಬರಿಂದ ಬಂದಿತ್ತು. ಆ ಸರಪಳಿಯ ಮೊದಲ ಕೊಂಡಿಯಲ್ಲಿ, ಎಲ್ಲೋ ದೂರದಲ್ಲಿ, ಒಬ್ಬರು ಮೋಸ ಹೋಗಿದ್ದರು. ಅವರು ದೂರು ಕೊಟ್ಟರು, ಕೊಟ್ಟಿದ್ದು ಸರಿಯೇ. ನಿಮಗೂ ಹೀಗೇನಾದ್ರೂ ಆದ್ರೆ 1930ಕ್ಕೆ ಫೋನ್ ಮಾಡಿ, ತಡ ಮಾಡಿದಷ್ಟೂ ದುಡ್ಡು ಮುಂದಕ್ಕೆ ಹೋಗುತ್ತೆ. ಆದ್ರೆ ದುಡ್ಡಿನ ಬೆನ್ನು ಹತ್ತಿ ಕೊಂಡಿಯಿಂದ ಕೊಂಡಿಗೆ ಹೋಗ್ತಾ ಹೋಗ್ತಾ, ಕೊನೆಗೆ ನಮ್ಮೂರ ಝೆರಾಕ್ಸ್ ಅಂಗಡಿಗೆ ಬೀಗ ಬಿತ್ತು.

ಆ ಫೋನ್ ಬಂದಾಗ ನನಗೆ ಸರಿಯಾಗಿ ಮಾತು ಹೊರಡಲಿಲ್ಲ. ಯಾಕಂದ್ರೆ ಆಗ ನಾನು ಆಫೀಸಲ್ಲಿ ಕೂತು ಬರೀತಿದ್ದಿದ್ದೇ ಅಂಥದೊಂದು ಪ್ರೋಗ್ರಾಮು. ಅವನ ಖಾತೆ ಹಿಡಿದಿದ್ದು ನಮ್ಮ ಪ್ರೋಗ್ರಾಮಲ್ಲ, ನಮ್ಮದಿನ್ನೂ ಪರೀಕ್ಷೆಯಲ್ಲಿತ್ತು. ಆದ್ರೆ ಅದನ್ನ ಹಂಗೇ ಬಿಟ್ಟಿದ್ರೆ ಅದೂ ಇದನ್ನೇ ಮಾಡ್ತಿತ್ತು.

ಈಗ ಮೂಲಕ್ಕೆ ಬರೋಣ. ಸ್ಟ್ರೀಮ್ ಪ್ರೊಸೆಸಿಂಗ್ ಅಂದ್ರೇನು? ಮೊದಲು ಕಂಪನಿಗಳು ದಿನದ ಲೆಕ್ಕವನ್ನೆಲ್ಲ ಕೂಡಿಟ್ಟು ರಾತ್ರಿ ಒಂದೇ ಸಲ ಓಡಿಸ್ತಿದ್ವು. ಈಗ ಹಂಗಲ್ಲ. ನೀವು ಟೀ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದ ಆ ಕ್ಷಣಕ್ಕೇ ಅದೊಂದು ಸಣ್ಣ ದಾಖಲೆಯಾಗಿ ಹರಿಯೋಕೆ ಶುರುವಾಗುತ್ತೆ. ಈ ಹರಿವನ್ನ ಹೊತ್ತೊಯ್ಯೋಕೆ ಹೆಚ್ಚಾಗಿ ಬಳಸೋದು ಕಾಫ್ಕಾ ಅನ್ನೋ ಸಾಫ್ಟ್‌ವೇರು. ಲಿಂಕ್ಡ್‌ಇನ್ ಕಂಪನಿಯೊಳಗೆ ಹುಟ್ಟಿ 2011ರಲ್ಲಿ ಎಲ್ಲರಿಗೂ ಮುಕ್ತವಾಯ್ತು. ಹರಿಯೋವಾಗಲೇ ಲೆಕ್ಕ ಹಾಕೋಕೆ ಫ್ಲಿಂಕ್ ಇದೆ. ಬರ್ಲಿನ್ ಕಡೆಯ ವಿಶ್ವವಿದ್ಯಾಲಯಗಳ ಸಂಶೋಧನೆಯಿಂದ ಬಂದಿದ್ದು. ಜರ್ಮನ್ ಭಾಷೆಯಲ್ಲಿ ಫ್ಲಿಂಕ್ ಅಂದ್ರೆ ಚುರುಕು ಅಂತ. ಅದರ ಗುರುತು ಒಂದು ಅಳಿಲು.

ಈ ವ್ಯವಸ್ಥೆಗಳೆಲ್ಲ ಸಾಮಾನ್ಯವಾಗಿ ನಾಲೆ ಇದ್ದಂಗೆ. ನೀರು ಡ್ಯಾಮಿಂದ ದೊಡ್ಡ ನಾಲೆಗೆ, ಅಲ್ಲಿಂದ ತೂಬಿಗೆ, ತೂಬಿಂದ ಗದ್ದೆಗೆ. ಹಿಂದಕ್ಕೆ ಹೋಗಲ್ಲ. ಹಿಂದಕ್ಕೆ ಹೋಗದೇ ಇರೋದೇ ಅನುಕೂಲ. ಮೇಲಿನ ಗೇಟು ಮುಚ್ಚಿದ್ರೆ ಒಂದಲ್ಲ ಒಂದು ದಿನ ಕೆಳಗೆ ಒಣಗೇ ಒಣಗುತ್ತೆ, ಕೆಲಸ ಮುಗೀತು ಅಂತ ಹೇಳಬಹುದು.

ಆದ್ರೆ ಕೆಲವು ಲೆಕ್ಕಗಳು ಒಂದೇ ಓಟಕ್ಕೆ ಮುಗಿಯಲ್ಲ. "ಈ ಖಾತೆಯಿಂದ ದುಡ್ಡು ಎಲ್ಲೆಲ್ಲಿಗೆ ಹೋಯ್ತು?" ಅಂತ ಕೇಳಿದ್ರೆ ಮೊದಲ ಸುತ್ತಿಗೆ ಪಕ್ಕದ ಖಾತೆಗಳು ಸಿಗ್ತಾವೆ. ಆ ಉತ್ತರವನ್ನೇ ಮತ್ತೆ ಪ್ರಶ್ನೆ ಮಾಡಿ ಒಳಗೆ ಹಾಕಬೇಕು. ಆಗ ಅವುಗಳ ಪಕ್ಕದವು ಸಿಗ್ತಾವೆ. ಮತ್ತೆ ಹಾಕಬೇಕು. ಹೊರಗೆ ಬಂದಿದ್ದನ್ನ ತಿರುಗಿ ಬಾಯಿಗೆ ತರೋ ಈ ದಾರಿಗೆ ಲೂಪ್ ಅಂತಾರೆ. ಇಲ್ಲಿಂದ ಮುಂದಕ್ಕೆ ನಾಲೆ ಹೋಲಿಕೆ ಸಾಕಾಗಲ್ಲ. ಮಿಲ್ಲಿಗೆ ಹೋಗಬೇಕು.

ಮಲೇಬೆನ್ನೂರಲ್ಲಿ ಅಪ್ಪ ಭತ್ತ ಹಾಕ್ತಿದ್ದ ಒಂದು ಮಿಲ್ಲು. ಶಾಲೆ ರಜೆ ಇದ್ದಾಗ ಟ್ರ್ಯಾಕ್ಟರಿನ ಮೇಲೆ ನಾನೂ ಹೋಗ್ತಿದ್ದೆ. ಅಲ್ಲಿ ಮಷೀನು ನೋಡ್ಕೊಳ್ಳೋ ಮೇಸ್ತ್ರಿ ಒಬ್ಬರು, ಎಲ್ಲರೂ ಕಾಕಾ ಅಂತಿದ್ರು. ಮೈಯೆಲ್ಲ ತೌಡು, ಕಿವಿ ಮಂದ. ಆದ್ರೆ ಎಲಿವೇಟರ್ ಬೆಲ್ಟು ಒಂಚೂರು ಜಾರಿದ್ರೂ ಎಲ್ಲರಿಗಿಂತ ಮೊದಲು ಗೊತ್ತಾಗ್ತಿದ್ದುದು ಅವರಿಗೇ.

ಭತ್ತ ಮೊದಲು ಶೆಲ್ಲರಿಗೆ ಹೋಗುತ್ತೆ. ಎರಡು ರಬ್ಬರ್ ರೋಲುಗಳು ಎದುರುಬದುರು, ಬೇರೆ ಬೇರೆ ವೇಗದಲ್ಲಿ ತಿರುಗ್ತಾವೆ. ನಡುವೆ ಸಿಕ್ಕ ಕಾಳಿನ ಸಿಪ್ಪೆ ಉಜ್ಜಿ ಬಿಚ್ಚಿಕೊಳ್ಳುತ್ತೆ. ಹೊಟ್ಟನ್ನ ಗಾಳಿ ಎಳ್ಕೊಂಡು ಹೋಗುತ್ತೆ. ಆದ್ರೆ ಎಲ್ಲ ಕಾಳಿಗೂ ಮೊದಲ ಸಲವೇ ಸಿಪ್ಪೆ ಹೋಗಲ್ಲ. ಸಣ್ಣ ಕಾಳು, ಎಳೆ ಕಾಳು ರೋಲಿನ ಸಂದಿಯಲ್ಲಿ ಹಂಗೇ ನುಸುಳಿಬಿಡ್ತಾವೆ. ಅದಕ್ಕೇ ಮುಂದೆ ಸಪರೇಟರ್. ಓರೆಯಾಗಿರೋ ತಟ್ಟೆಗಳು ಸದಾ ಅಲುಗಾಡ್ತಿರ್ತಾವೆ. ಸಿಪ್ಪೆ ಹೋದ ಅಕ್ಕಿ ಒಂದು ಕಡೆಗೆ ಏರುತ್ತೆ, ಉಳಿದ ಭತ್ತ ಇನ್ನೊಂದು ಕಡೆಗೆ ಇಳಿಯುತ್ತೆ. ಅಕ್ಕಿ ಪಾಲಿಶಿಗೆ ಹೋಗುತ್ತೆ, ಭತ್ತ ಎಲಿವೇಟರ್ ಹತ್ತಿ ವಾಪಸ್ ಶೆಲ್ಲರಿಗೆ ಬರುತ್ತೆ. ತಟ್ಟೆಯ ನಡುವೆ ಅಕ್ಕಿ-ಭತ್ತ ಎರಡೂ ಬೆರೆತಿರೋ ಒಂದು ಪಾಲು ಇರುತ್ತಲ್ಲ, ಅದು ಶೆಲ್ಲರಿಗೂ ಹೋಗಲ್ಲ, ಪಾಲಿಶಿಗೂ ಹೋಗಲ್ಲ, ಸಪರೇಟರಿನ ಬಾಯಿಗೇ ವಾಪಸ್. ಅಂದ್ರೆ ಲೂಪಿನೊಳಗೊಂದು ಲೂಪು.

ಕಾಲೇಜಲ್ಲಿ ನಾಲ್ಕು ವರ್ಷ ಓದಿದ್ದಕ್ಕಿಂತ ಚೆನ್ನಾಗಿ ಇದು ಆ ಮಿಲ್ಲಲ್ಲೇ ಅರ್ಥ ಆಗಿತ್ತು. ಹೆಸರು ಮಾತ್ರ ಗೊತ್ತಿರಲಿಲ್ಲ.

ಒಂದು ದಿನ ಸುಗ್ಗಿ ಟೈಮು, ಮಿಲ್ಲಿನ ಹೊರಗೆ ಟ್ರ್ಯಾಕ್ಟರುಗಳ ಸಾಲು. ಹೊಸದಾಗಿ ಬಂದ ಹುಡುಗನೊಬ್ಬ ಬೇಗ ಮುಗೀಲಿ ಅಂತ ಹೊಸ ಭತ್ತದ ಗೇಟನ್ನ ಪೂರ್ತಿ ತೆಗೆದ. ಶೆಲ್ಲರಿನ ಹಾಪರು ತುಂಬ್ತು. ವಾಪಸ್ ಬರೋ ಭತ್ತಕ್ಕೆ ಇಳಿಯೋಕೆ ಜಾಗ ಇಲ್ಲ, ಎಲಿವೇಟರಿನ ಬುಡದಲ್ಲಿ ಕಟ್ಟಿಕೊಳ್ತು. ಅದು ಕಟ್ಟಿದ್ರಿಂದ ಸಪರೇಟರಿಂದ ಭತ್ತ ಹೊರಗೆ ಬೀಳ್ತಿಲ್ಲ. ಸಪರೇಟರು ತುಂಬಿದ್ರಿಂದ ಶೆಲ್ಲರಿನ ಮಾಲು ಮುಂದಕ್ಕೆ ಹೋಗ್ತಿಲ್ಲ. ಒಂದನ್ನೊಂದು ಕಾಯ್ತಾ ಎಲ್ಲ ನಿಂತ್ವು. ಬೆಲ್ಟು ಮಾತ್ರ ಜಾರಿ ಜಾರಿ ಸುಟ್ಟ ರಬ್ಬರ್ ವಾಸನೆ. ಕಾಕಾ ಓಡಿ ಬಂದು ಮೇನ್ ಸ್ವಿಚ್ ಎಳೆದ್ರು. ಹುಡುಗನಿಗೆ ಬೈದ ಬೈಗುಳ ಇಲ್ಲಿ ಹೇಳೋಕಾಗಲ್ಲ. ಕೊನೆಗೆ ಹೇಳಿದ್ದು ಇಷ್ಟು: "ರಿಟರ್ನ್ ಮಾಲಿಗೆ ಮೊದಲು ಜಾಗ ಬಿಡಬೇಕು ತಮ್ಮಾ. ಹೊಸಾದು ಕಾಯ್ತೈತಿ. ಹೊಸದಕ್ಕೆ ಅವಸರ ಇಲ್ಲ, ಅದು ಹೊರಗೆ ಚೀಲದಾಗೆ ಐತಿ."

ಆಫೀಸಲ್ಲಿ ನಮ್ಮ ಮೊದಲ ಪ್ರಯತ್ನ ನಿಂತಿದ್ದು ಥೇಟ್ ಹೀಗೇ. ಡ್ಯಾಶ್‌ಬೋರ್ಡಲ್ಲಿ ಎಲ್ಲ ಹಸಿರು, ಒಂದೇ ಒಂದು ಎರರ್ ಇಲ್ಲ, ಆದ್ರೆ ಒಂದು ದಾಖಲೆಯೂ ಮುಂದಕ್ಕೆ ಹೋಗ್ತಿಲ್ಲ. ಎರಡು ದಿನ ತಲೆ ಕೆರ್ಕೊಂಡ್ವಿ. ಒಂದು ಹಂತದ ಬಫರು ತುಂಬಿ ಇನ್ನೊಂದನ್ನ ಕಾಯ್ತಿತ್ತು, ಅದು ಇದನ್ನ ಕಾಯ್ತಿತ್ತು. ಸುಟ್ಟ ರಬ್ಬರ್ ವಾಸನೆ ಬಂದಿದ್ರೆ ಬೇಗ ಸಿಕ್ಕಿಬಿಡ್ತಿತ್ತೇನೋ. ಪರಿಹಾರ ಕಾಕಾ ಹೇಳಿದ್ದೇ ಆಯ್ತು. ತಿರುಗಿ ಬಂದ ದಾಖಲೆಗಳನ್ನ ಮೊದಲು ಓದೋದು, ಅವು ಖಾಲಿಯಾದ್ರೆ ಮಾತ್ರ ಹೊಸದು. ಜೊತೆಗೆ ವಾಪಸ್ ಬರೋ ದಾರಿಯನ್ನ ಮೆಮೊರಿಯಲ್ಲಿಡದೆ ಕಾಫ್ಕಾದಲ್ಲೇ ಒಂದು ಬೇರೆ ಸಾಲು ಮಾಡಿದ್ವಿ. ಅದು ಡಿಸ್ಕಿನ ಮೇಲಿರುತ್ತೆ, ಎಷ್ಟು ಬಂದ್ರೂ ಹಿಡಿಸುತ್ತೆ. ಎಲಿವೇಟರಿನ ಬುಡದಲ್ಲಿ ಒಂದು ದೊಡ್ಡ ಕಣಜ ಕಟ್ಟಿದಂಗೆ.

ಎರಡನೇ ತೊಂದರೆ ಇದಕ್ಕಿಂತ ಸೂಕ್ಷ್ಮ. ಮುಗೀತು ಅಂತ ಹೇಳೋದು ಯಾವಾಗ?

ಮಿಲ್ಲಲ್ಲಿ ಒಬ್ಬ ರೈತನ ಭತ್ತ ಆದ ಮೇಲೆ ಇನ್ನೊಬ್ಬನದು. ಹಾಪರಲ್ಲಿ ಅಪ್ಪನ ಭತ್ತ ಖಾಲಿ ಅಂದ ಮಾತ್ರಕ್ಕೆ ಅಪ್ಪನ ಲಾಟು ಮುಗಿದಂಗಲ್ಲ. ಎಲಿವೇಟರಲ್ಲಿ ಇನ್ನೂ ಏರ್ತಿರುತ್ತೆ, ಸಪರೇಟರಲ್ಲಿ ಕುಣೀತಿರುತ್ತೆ. ಆಗಲೇ ಮುಂದಿನವನದನ್ನ ಸುರಿದ್ರೆ ಬೆರೆತು ಹೋಗುತ್ತೆ. ಪೂರ್ತಿ ಖಾಲಿಯಾಗೋವರೆಗೂ ಕಾಯ್ತೀನಿ ಅಂದ್ರೆ ಮಿಲ್ಲು ಅಷ್ಟು ಹೊತ್ತು ದಂಡ. ನಾಲೆಯಲ್ಲಾದ್ರೆ ಕೊನೆ ಹನಿ ಹೋಯ್ತು ಅಂತ ಕಣ್ಣಲ್ಲೇ ನೋಡಬಹುದು. ಲೂಪಿಗೆ ಕೊನೆ ಅನ್ನೋ ಜಾಗವೇ ಇಲ್ಲ.

ಇದಕ್ಕೆ ಒಳ್ಳೆ ಉತ್ತರ ಕೊಟ್ಟವರು ಮೈಕ್ರೋಸಾಫ್ಟ್‌ನ ಸಿಲಿಕಾನ್ ವ್ಯಾಲಿ ಸಂಶೋಧನಾಲಯದವರು, 2013ರಲ್ಲಿ. ಅವರ ವ್ಯವಸ್ಥೆಯ ಹೆಸರು ನಯಾಡ್. ಗ್ರೀಕ್ ಕಥೆಗಳಲ್ಲಿ ಹಳ್ಳ-ಹೊಳೆ-ಚಿಲುಮೆಗಳಲ್ಲಿರೋ ಜಲದೇವತೆ. ಹೊಳೆ ಪಕ್ಕದ ತಾಲ್ಲೂಕಿನವನಾಗಿ ನನಗೆ ಈ ಹೆಸರು ಮೊದಲ ನೋಟಕ್ಕೇ ಹಿಡಿಸ್ತು. ಅವರ ಉಪಾಯ ಏನಂದ್ರೆ, ಪ್ರತಿ ದಾಖಲೆಗೂ ಒಂದು ಚೀಟಿ. ಚೀಟಿಯಲ್ಲಿ ಮೊದಲು, ನೀನು ಯಾವ ಲಾಟಿಗೆ ಸೇರಿದವನು ಅನ್ನೋದು. ಆಮೇಲೆ, ಎಷ್ಟನೇ ಸುತ್ತಲ್ಲಿದ್ದೀಯ ಅನ್ನೋದು. ಎಲಿವೇಟರ್ ಹತ್ತಿದಾಗೆಲ್ಲ ಸುತ್ತಿನ ಅಂಕಿ ಒಂದು ಹೆಚ್ಚುತ್ತೆ. ಲೂಪಿನೊಳಗೆ ಲೂಪಿದ್ರೆ ಚೀಟಿಯಲ್ಲಿ ಇನ್ನೊಂದು ಅಂಕಿ. ಜೊತೆಗೆ ಯಾವ ಮಷೀನಲ್ಲಿ ಯಾವ ಚೀಟಿಯವು ಎಷ್ಟು ಬಾಕಿ ಇವೆ ಅಂತ ಲೆಕ್ಕ ಇಟ್ಕೊಳ್ತಾರೆ. ಒಂದನೇ ಲಾಟಿನ ಕಾಳು ಎಲ್ಲೂ ಉಳಿದಿಲ್ಲ, ಇನ್ನು ಹುಟ್ಟೋ ದಾರಿಯೂ ಇಲ್ಲ ಅಂತ ಗೊತ್ತಾದ ಕ್ಷಣ, "ಒಂದನೇ ಲಾಟು ಮುಗೀತು" ಅಂತ ಸಂದೇಶ ಹೋಗುತ್ತೆ. ಮಿಲ್ಲು ನಿಲ್ಲಿಸಬೇಕಾಗಿಲ್ಲ. ಎರಡನೇ ಲಾಟು, ಮೂರನೇ ಲಾಟು ಒಳಗೇ ಓಡ್ತಿರಬಹುದು. ಕಾಳಿಗೆ ಚೀಟಿ ಅಂಟಿಸೋಕಾಗಲ್ಲ, ಡೇಟಾಗೆ ಆಗುತ್ತೆ. ನಮ್ಮ ಕಾಕಾಗೆ ಇದನ್ನ ಹೇಳಿದ್ರೆ ಹೊಟ್ಟೆಕಿಚ್ಚು ಪಡ್ತಿದ್ರು.

ಮೂರನೇದು ಕರೆಂಟು. ನಮ್ಮ ಕಡೆ ಯಾರಿಗೂ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಕಂಪ್ಯೂಟರುಗಳು ಕೆಟ್ಟು ನಿಂತಾಗ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಶುರು ಮಾಡೋಕೆ ಆಗಾಗ ಒಂದು ಫೋಟೋ ತೆಗೆದಿಟ್ಕೊಳ್ತಾರೆ, ಚೆಕ್‌ಪಾಯಿಂಟ್. ಓಡ್ತಿರೋ ವ್ಯವಸ್ಥೆಯನ್ನ ನಿಲ್ಲಿಸದೇ ಸರಿಯಾದ ಫೋಟೋ ತೆಗೆಯೋ ವಿಧಾನವನ್ನ 1985ರಲ್ಲಿ ಬರೆದವರು ಇಬ್ಬರು. ಒಬ್ಬರು ಲೆಸ್ಲಿ ಲ್ಯಾಂಪೋರ್ಟ್. ಇನ್ನೊಬ್ಬರು ಮದ್ರಾಸ್ ಐಐಟಿಯಲ್ಲಿ ಓದಿದ ಕೆ. ಮಣಿ ಚಾಂಡಿ. ಮಷೀನುಗಳೊಳಗೆ ಏನಿದೆ ಅನ್ನೋದರ ಜೊತೆಗೆ ದಾರಿಯಲ್ಲಿ ಏನಿದೆ ಅನ್ನೋದೂ ಫೋಟೋಲಿ ಬರಬೇಕು ಅನ್ನೋದು ಅವರ ಮಾತಿನ ತಿರುಳು. ಲೂಪಿಲ್ಲದ ಕಡೆ ದಾರಿಯಲ್ಲಿರೋದನ್ನ ಬರೆದಿಡದೆಯೂ ಜಾಣತನದಿಂದ ನಿಭಾಯಿಸಬಹುದು, ಫ್ಲಿಂಕ್ ಹಂಗೇ ಮಾಡುತ್ತೆ. ಲೂಪಲ್ಲಿ ಅದಾಗಲ್ಲ, ಎಲಿವೇಟರಲ್ಲಿ ಸದಾ ಕಾಳು ಇದ್ದೇ ಇರುತ್ತೆ. ಅದನ್ನ ಬೇರೆ ಚೀಲಕ್ಕೆ ತುಂಬಿ ಗುರುತು ಹಾಕಿ ಇಡಬೇಕು. ಫ್ಲಿಂಕ್ ಹಿಂದಿದ್ದ ಸಂಶೋಧಕರೇ 2015ರ ಒಂದು ಪ್ರಬಂಧದಲ್ಲಿ ಇದು ಹೆಂಗೆ ಅಂತ ಬರೆದಿದ್ದಾರೆ.

ಆದ್ರೆ ಫ್ಲಿಂಕ್‌ನಲ್ಲಿ ಇದ್ದ ಇಟರೇಟ್ ಅನ್ನೋ ಸೌಲಭ್ಯಕ್ಕೆ ಆ ಭರವಸೆ ಕೊನೆವರೆಗೂ ಬರಲೇ ಇಲ್ಲ. ಮಷೀನು ಕೆಟ್ರೆ ಲೂಪಿನ ದಾರಿಯಲ್ಲಿರೋ ದಾಖಲೆಗಳು ಕಳೆದು ಹೋಗ್ತಾವೆ ಅಂತ ಅದರ ಕೈಪಿಡಿಯಲ್ಲೇ ಬರೆದಿತ್ತು. ಮುಗೀತು ಅಂತ ಗೊತ್ತಾಗೋಕೂ ಒಂದು ಒರಟು ಉಪಾಯ. ಇಷ್ಟು ಹೊತ್ತು ಏನೂ ವಾಪಸ್ ಬರಲಿಲ್ಲ ಅಂದ್ರೆ ಮುಗೀತು ಅಂದ್ಕೋ, ಅಷ್ಟೇ. 2024ರಲ್ಲಿ ಬಂದ 1.19ನೇ ಆವೃತ್ತಿಯಲ್ಲಿ ಇದನ್ನ ಇನ್ನು ಬಳಸಬೇಡಿ ಅಂದ್ರು, 2025ರ 2.0ರಲ್ಲಿ ತೆಗೆದೇ ಹಾಕಿದ್ರು. ತೆಗೆದಿದ್ದು ಒಳ್ಳೇದೇ ಅಂತ ನನ್ನ ಅಭಿಪ್ರಾಯ. ಅರ್ಧ ಕೆಲಸ ಮಾಡೋ ಬ್ರೇಕಿಗಿಂತ ಬ್ರೇಕೇ ಇಲ್ಲ ಅಂತ ಗೊತ್ತಿರೋ ಗಾಡಿ ಮೇಲು, ಹುಷಾರಾಗಾದ್ರೂ ಓಡಿಸ್ತೀವಿ. ಮಷೀನ್ ಲರ್ನಿಂಗ್ ಕೆಲಸಕ್ಕೆ ಫ್ಲಿಂಕ್‌ನವರದೇ ಬೇರೆ ಲೂಪ್ ಲೈಬ್ರರಿ ಇದೆ. ನಮ್ಮಂಥವರು ಕಾಫ್ಕಾ ಮೂಲಕ ಸುತ್ತು ಹಾಕಿಸ್ತೀವಿ, ಕರೆಂಟ್ ಹೋದ್ರೂ ಕಣಜದಲ್ಲಿದ್ದಿದ್ದು ಕಣಜದಲ್ಲೇ ಇರುತ್ತೆ.

ಅಂತೂ ನಮ್ಮ ಲೂಪು ಓಡ್ತು. ಕಟ್ಟಿಕೊಳ್ಳಲಿಲ್ಲ, ಬೀಳಲಿಲ್ಲ. ನಾವು ಪಾರ್ಟಿ ಕೂಡ ಮಾಡಿದ್ವಿ. ಆಮೇಲೆ ಫಲಿತಾಂಶ ತೆರೆದು ನೋಡಿದೆ. ಒಂದು ಮೋಸದ ಖಾತೆಗೆ ಗುರುತು ಹಾಕಿ ಬಿಟ್ರೆ, ಕೆಲವೇ ಸುತ್ತಲ್ಲಿ ಗುರುತಿಲ್ಲದವರೇ ಕಷ್ಟಪಟ್ಟು ಹುಡುಕಬೇಕು ಅನ್ನೋ ಹಂಗಾಗಿತ್ತು! ಯಾಕೆ ಅಂತ ಯೋಚನೆ ಮಾಡಿ. ಕಿರಾಣಿ ಅಂಗಡಿ, ಮೆಡಿಕಲ್ ಶಾಪು, ರೀಚಾರ್ಜ್ ಅಂಗಡಿ, ಇವರಿಗೆ ಊರವರೆಲ್ಲ ದುಡ್ಡು ಹಾಕ್ತಾರೆ, ಇವರೂ ಹತ್ತಾರು ಜನಕ್ಕೆ ಕೊಡ್ತಾರೆ. ಅಂಗಡಿಗೆ ಒಂದು ಸಲ ಗುರುತು ಬಿತ್ತು ಅಂದ್ರೆ ಊರಿಗೇ ಬಿದ್ದಂಗೆ. ಟೀಮಲ್ಲಿ ಒಬ್ಬರು "ಕವರೇಜ್ ಚೆನ್ನಾಗಿದೆಯಲ್ಲ" ಅಂದ್ರು. ತಮಾಷೆಗಲ್ಲ, ನಿಜವಾಗ್ಲೂ ಅಂದಿದ್ದು.

ತಮ್ಮನ ಫೋನು ಬಂದಿದ್ದು ಅದೇ ವಾರ.

ಮರುದಿನ ಕೂತು ನೋಡಿದ್ರೆ ನಮ್ಮ ತಪ್ಪುಗಳು ಕಾಣ್ತಾ ಹೋದ್ವು. ಯಾರು ಯಾರಿಗೆ ಕೊಟ್ಟರು ಅಂತ ಮಾತ್ರ ಇಟ್ಕೊಂಡಿದ್ವಿ, ಯಾವಾಗ ಅನ್ನೋದನ್ನ ಬಿಟ್ಟುಬಿಟ್ಟಿದ್ವಿ. ಮೋಸ ಆಗಿದ್ದು ಶುಕ್ರವಾರ, ಅಂಗಡಿಗೆ ದುಡ್ಡು ಬಂದಿದ್ದು ಅದರ ಹಿಂದಿನ ಬುಧವಾರ. ಆದ್ರೂ ಗುರುತು! ದುಡ್ಡು ಹಿಂದಕ್ಕೆ ಹರಿಯುತ್ತಾ? ಇದನ್ನ ಸರಿ ಮಾಡಿದ ಮೇಲೆ ಅರ್ಧ ಗದ್ದಲ ನಿಂತಿತು.

ಇನ್ನರ್ಧಕ್ಕೆ ಕಾರಣ, ಗುರುತನ್ನ ಹೌದು-ಅಲ್ಲ ಅಂತ ಇಟ್ಟಿದ್ದು. ಹತ್ತು ಸಾವಿರದಲ್ಲಿ ಒಂದು ಸಾವಿರ ಮೋಸದ್ದಾಗಿದ್ದು, ಅದರಿಂದ ಐವತ್ತು ರೂಪಾಯಿ ಝೆರಾಕ್ಸಿಗೆ ಕೊಟ್ರೆ, ಅಂಗಡಿಗೆ ತಗಲೋದು ಐದು ರೂಪಾಯಿ ಪಾಲು. ಇಡೀ ಅಂಗಡಿಯಲ್ಲ. ನಾವು ಗುರುತನ್ನ ಮನುಷ್ಯರಿಂದ ತೆಗೆದು ದುಡ್ಡಿನ ಮೇಲೆ ಹಾಕಿದ್ವಿ. ಪ್ರತಿ ಸುತ್ತಿಗೂ ಪಾಲು ಹಂಚಿ ಹೋಗುತ್ತೆ. ಒಂದು ಮಟ್ಟಕ್ಕಿಂತ ಕೆಳಗಿಳಿದ್ರೆ ಲೂಪಿಂದ ಹೊರಗೆ. ಮಜಾ ಏನಂದ್ರೆ, ಅಮಾಯಕರ ಅಂಗಡಿಗಳಲ್ಲಿ ಅದು ಎರಡು ಮೂರು ಸುತ್ತಲ್ಲೇ ಕರಗಿ ಹೋಯ್ತು. ದುಡ್ಡನ್ನ ಒಂದು ಖಾತೆಯಿಂದ ಇನ್ನೊಂದಕ್ಕೆ ಪೂರ್ತಿ ಎತ್ತಿ ಎತ್ತಿ ಹಾಕ್ತಾರಲ್ಲ, ಬಾಡಿಗೆ ಖಾತೆಯವರು, ಅಲ್ಲಿ ಮಾತ್ರ ನೂರಕ್ಕೆ ನೂರು ಹಂಗೇ ಉಳೀತು. ನಾವು ಹುಡುಕ್ತಿದ್ದಿದ್ದೇ ಅವರನ್ನ.

ಅವರು ನಿಲ್ಲಿಸಲ್ಲ, ಹೊಸ ವ್ಯವಹಾರ ಬರ್ತಾನೇ ಇರುತ್ತೆ, ಹಂಗಾಗಿ ಚೀಟಿಯಲ್ಲಿರೋ ಸುತ್ತಿನ ಅಂಕಿಗೂ ಒಂದು ಮಿತಿ ಹಾಕಿದ್ವಿ. ಮಿತಿ ದಾಟಿದವುಗಳನ್ನ ಏನು ಮಾಡೋದು ಅನ್ನೋದಕ್ಕೆ ಮೀಟಿಂಗಲ್ಲಿ ಒಂದು ಗಂಟೆ ಜಗಳ. ತಾನಾಗೇ ಬ್ಲಾಕ್ ಆಗಲಿ ಅಂತ ಒಬ್ಬರು. ಎಸೆದುಬಿಡೋಣ ಅಂತ ಇನ್ನೊಬ್ಬರು. ನಾನು ಮಿಲ್ಲಿನ ಕಥೆ ಹೇಳಿದೆ. ದೊಡ್ಡ ಮಿಲ್ಲುಗಳಲ್ಲಿ ವಾಪಸ್ ಬಂದ ಭತ್ತಕ್ಕೆ ಬೇರೆಯೇ ಶೆಲ್ಲರ್ ಇರುತ್ತೆ, ಸಣ್ಣ ಕಾಳಿಗೆ ತಕ್ಕಂತೆ ರೋಲಿನ ಸಂದಿ ಹಿಡಿದಿರ್ತಾರೆ. ಅದೇ ರೋಲಿಗೆ ಮತ್ತೆ ಮತ್ತೆ ಕೊಟ್ರೆ ಕಾಳು ಮುರಿದು ನುಚ್ಚಾಗುತ್ತೆ. ಕಾಕಾ ಅಂತೂ ಸಪರೇಟರ್ ಪಕ್ಕ ನಿಂತು, ಸುತ್ತಿ ಸುತ್ತಿ ಬರೋದನ್ನ ಅಂಗೈಯಲ್ಲಿ ಹಿಡಿದು, ಊದಿ, ಇದು ಜಳ್ಳು, ಇದು ಕಾಳು ಅಂತ ನೋಡ್ತಿದ್ರು. ಕೊನೆಗೆ ಅದೇ ಒಪ್ಪಿಗೆ ಆಯ್ತು. ಮಿತಿ ದಾಟಿದ್ದು ಬೇರೆ ಸಾಲಿಗೆ ಹೋಗುತ್ತೆ, ಅಲ್ಲಿ ಒಬ್ಬ ಮನುಷ್ಯ ಕೂತು ನೋಡ್ತಾನೆ. ನಿಧಾನ ಆಗುತ್ತೆ ಅಂತ ಈಗಲೂ ದೂರುಗಳಿವೆ. ಆಗಲಿ.

ತಮ್ಮನ ವಿಷಯ ಕೇಳ್ತೀರಿ. ಅವನು ಬಿಲ್ ಬುಕ್ಕು, ಆ ದಿನದ ರೀಚಾರ್ಜ್ ಮೆಸೇಜುಗಳು, ಅಂಗಡಿ ಫೋಟೋ ಎಲ್ಲ ಜೋಡಿಸ್ಕೊಂಡು ಬ್ಯಾಂಕಿಗೆ, ಪೊಲೀಸ್ ಠಾಣೆಗೆ, ಮತ್ತೆ ಬ್ಯಾಂಕಿಗೆ ಅಲೆದ. ಅವನೇ ಒಂದು ಲೂಪಲ್ಲಿ ಸಿಕ್ಕಿಬಿದ್ದಂಗೆ. ಆ ವಾರಗಳಲ್ಲಿ ಅಂಗಡಿಗೆ ಮಾಲು ತರೋಕೆ ದುಡ್ಡಿರಲಿಲ್ಲ, ಚಿಕ್ಕಮ್ಮ ಸಂಘದಲ್ಲಿ ಸಾಲ ಎತ್ತಿದ್ರು. ಕೊನೆಗೆ ತೆರವಾಯ್ತು.

ಈಗ ಅವನದು ಎರಡು ಖಾತೆ. ಕ್ಯೂಆರ್ ಇರೋದು ಒಂದಕ್ಕೆ, ಮನೆ ಖರ್ಚಿನದು ಇನ್ನೊಂದು. ದಿನಾ ಸಂಜೆ ಬಾಗಿಲು ಹಾಕೋ ಮುಂಚೆ ಮೊದಲನೇದರಿಂದ ಎರಡನೇದಕ್ಕೆ ಎಲ್ಲ ಎತ್ತಿ ಹಾಕ್ತಾನೆ. ಮೊನ್ನೆ ಹಬ್ಬಕ್ಕೆ ಹೋದಾಗ ಹೆಮ್ಮೆಯಿಂದ ತೋರಿಸಿದ. ನಾನು ತಲೆ ಮೇಲೆ ಕೈ ಇಟ್ಕೊಂಡೆ. ಪೂರ್ತಿ ಎತ್ತಿ ಹಾಕೋರನ್ನೇ ಅಲ್ವಾ ನಮ್ಮ ಪ್ರೋಗ್ರಾಮು ಹುಡುಕೋದು! ಸೋಮವಾರ ಆಫೀಸಿಗೆ ಬಂದವನೇ ಟೀಮಿಗೆ ಒಂದು ಹೊಸ ಟಿಕೆಟ್ ಬರೆದೆ. ಎರಡೂ ಖಾತೆ ಒಬ್ಬರದೇ ಆಗಿದ್ರೆ ಅದನ್ನ ಒಂದು ಸುತ್ತು ಅಂತ ಎಣಿಸಬಾರದು ಅಂತ.